ಸಹಾಯ ಬೇಕು: ನೆವಾಡಾದಲ್ಲಿ ಬಿಗ್‌ಹಾರ್ನ್ ಕುರಿಗಳ ಫೋಟೊ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ಲಾಸ್ ವೇಗಸ್‌ನ ಅಕ್ಕನ ಮನೆಗೆ ಹೊರಟಿದ್ದೇನೆ. ಕ್ಯಾಸಿನೊ ನನಗೆ ಬೇಡ, ಮರುಭೂಮಿಯ ಬಿಗ್‌ಹಾರ್ನ್ ಎಂಬ ದೊಡ್ಡ ಕೊಂಬಿನ ಕಾಡುಕುರಿಗಳನ್ನು ನೋಡಬೇಕು. ಬೌಲ್ಡರ್ ಸಿಟಿಯ ಹೆಮೆನ್‌ವೇ ಪಾರ್ಕಿಗೆ ಅವು ಬೆಟ್ಟವಿಳಿದು ಮೇಯಲು ಬರುತ್ತವೆ ಎಂಬುದು ಗೊತ್ತು. ಆದರೆ ಕತ್ತರಿಸಿದ ಹುಲ್ಲುಹಾಸಿನ ಮೇಲೆ ನಿಂತ ಟಗರು ಮದುವೆಮನೆಯ ಅತಿಥಿಯಂತೆ ಕಾಣುತ್ತದೆ. ನನಗೆ ಬೇಕಾದದ್ದು ವ್ಯಾಲಿ ಆಫ್ ಫೈರ್ ಎಂಬ ಉದ್ಯಾನದ ಕೆಂಪು ಬಂಡೆಗಳ ಹಿನ್ನೆಲೆ.

ಅಲ್ಲಿ ಮೌಸಸ್ ಟ್ಯಾಂಕ್ ರಸ್ತೆಯ ಬದಿಯಲ್ಲಿ ಕಾಯಲು ಮುಂಜಾನೆ ಒಳ್ಳೆಯದೋ, ಸಂಜೆಯೋ? ಭಾವ ಕಾರು ಓಡಿಸಲು ಒಪ್ಪಿದ್ದಾರೆ, ಬೇಗ ಏಳಲು ಇನ್ನೂ ಒಪ್ಪಿಲ್ಲ. ಸೆಪ್ಟೆಂಬರ್ ಅವುಗಳ ಬೆದೆಯ ಕಾಲವಾದ್ದರಿಂದ ಟಗರುಗಳ ಕಾಳಗ ಸಿಗಬಹುದೆಂಬ ಆಸೆಯೂ ಇದೆ.

ಬಂಡೆಯ ಬಣ್ಣದಲ್ಲಿ ಕರಗಿಹೋಗುವ ಇವುಗಳನ್ನು ಗುರುತಿಸಲು ಹಿಂಭಾಗದ ಬಿಳಿ ಮಚ್ಚೆಯನ್ನು ಬಿಟ್ಟರೆ ಬೇರೆ ಸುಳಿವುಗಳಿವೆಯೇ? ನನ್ನ ಬಳಿ 100-400 ಲೆನ್ಸ್ ಇದೆ. 600 ಮಿ.ಮೀ. ಬಾಡಿಗೆಗೆ ತರಬೇಕೇ? ಬಿಸಿಲೇರಿದ ಮೇಲೆ ಕಾದ ಗಾಳಿ ಅಲೆಯಾಡಿ ದೂರದ ಚಿತ್ರ ಮಸುಕಾಗುತ್ತದೆ, ಅದಕ್ಕೇ ಅನುಮಾನ.

ಹತ್ತಿರ ಹೋಗಿ ತೆಗೆಯಿರಿ ಎಂಬ ಸಲಹೆ ಮಾತ್ರ ಬೇಡ. ಬೆದರಿದರೆ ಅವು ನೀರನ್ನೂ ಬಿಟ್ಟು ಹೋಗುತ್ತವೆ.