ಬಿ.ಎ. ಮೊದಲ ವರ್ಷದ ಪತ್ರಿಕೋದ್ಯಮ: ಪಾಠಕ್ಕೆ, ಪರೀಕ್ಷೆ ತಯಾರಿಗೆ ನೀವು ಏನೇನು ಬಳಸ್ತೀರಿ?

ಇಳಕಲ್ ಮೇಡಂ:
ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿ. ಈ ಸಲ ಮೊದಲ ವರ್ಷದ ಪತ್ರಿಕೋದ್ಯಮ ನನ್ನ ಪಾಲಿಗೆ ಬಂದಿದೆ. ಎಲ್ಲರೂ ಹದಿನೆಂಟು, ಹತ್ತೊಂಬತ್ತರ ಮಕ್ಕಳು. ಸುತ್ತಲಿನ ಹಳ್ಳಿಗಳಿಂದ ಬಸ್ಸಿಗೆ ಬರುತ್ತಾರೆ. ಫೋನಿನಲ್ಲಿ ದಿನಾ ಏನೆಲ್ಲ ನೋಡುತ್ತಾರೆ, ಆದರೆ ಮನೆಗೆ ಪೇಪರ್ ಬರೋದು ಬೆರಳೆಣಿಕೆ ಮಂದಿಗೆ ಮಾತ್ರ.

ನನ್ನ ತೊಂದರೆ ಏನಂದ್ರೆ, ಲಾಸ್‌ವೆಲ್ ಮಾದರಿ (ಯಾರು, ಏನನ್ನು, ಯಾವ ಮಾಧ್ಯಮದಲ್ಲಿ, ಯಾರಿಗೆ ಹೇಳಿದರು, ಪರಿಣಾಮ ಏನು ಅಂತ ಕೇಳೋ ಸಂವಹನ ಮಾದರಿ) ಬರೆಯಿರಿ ಅಂದರೆ ಗೈಡಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಬರೆದುಕೊಡುತ್ತಾರೆ. ಆದರೆ ನಿನ್ನೆ ರಾತ್ರಿ ನೋಡಿದ ರೀಲ್ ಯಾರು ಮಾಡಿದ್ದು, ಯಾಕೆ ಮಾಡಿದ್ದು, ಅದರಿಂದ ಯಾರಿಗೆ ದುಡ್ಡು ಬಂತು ಅಂತ ಕೇಳಿದರೆ ಇಡೀ ಕ್ಲಾಸು ಸುಮ್ನಾಗುತ್ತದೆ. ಎರಡಕ್ಕೂ ಸಂಬಂಧ ಇದೆ ಅಂತಲೇ ಅವರಿಗೆ ಅನಿಸಿಲ್ಲ. ಕ್ಲಾಸಲ್ಲಿ ಪ್ರೊಜೆಕ್ಟರ್ ಇಲ್ಲ, ನೆಟ್ ಇದ್ದರೆ ಇದೆ ಇಲ್ಲದಿದ್ದರೆ ಇಲ್ಲ, ಕನ್ನಡದಲ್ಲಿ ಸಿಗೋ ನೋಟ್ಸ್ ಬಹಳ ಹಳೆಯದು. ಮಕ್ಕಳಿಗೆ ವಿಷಯ ನಿಜವಾಗಿ ಹತ್ತಬೇಕು, ಪರೀಕ್ಷೆಯಲ್ಲೂ ಪಾಸಾಗಬೇಕು. ಈ ಭಾಗದಲ್ಲಿ ಪಾಠ ಮಾಡುವವರು ಯಾರಾದರೂ ಇದ್ದರೆ ನೀವು ಮಾಡೋದನ್ನ ಹೇಳಿ.

ಗುಮ್ಮಟನಗರಿ ಸರ್:
ಮೇಡಂ, ಪ್ರೊಜೆಕ್ಟರ್ ಚಿಂತೆ ಬಿಡಿ. ನನ್ನ ಮೊದಲ ತಿಂಗಳ ಪಾಠವೆಲ್ಲ ಹಳೆ ಪೇಪರಿನ ಮೇಲೇ ನಡೆಯುತ್ತದೆ. ಲೈಬ್ರರಿಯಲ್ಲಿ ಒಂದೇ ದಿನದ ಮೂರ್ನಾಲ್ಕು ಕನ್ನಡ ಪೇಪರ್ ಇರುತ್ತವೆ, ರದ್ದಿಗೆ ಹೋಗೋ ಮೊದಲು ಕೇಳಿ ಎತ್ತಿಟ್ಟುಕೊಳ್ಳಿ. ಐದೈದು ಮಕ್ಕಳ ಗುಂಪು ಮಾಡಿ, ಒಂದೇ ಸುದ್ದಿ ಎಲ್ಲ ಪೇಪರಲ್ಲೂ ಹುಡುಕಿಸಿ. ಯಾವ ಪುಟದಲ್ಲಿದೆ, ಎಷ್ಟು ಕಾಲಂ, ಫೋಟೊದಲ್ಲಿ ಯಾರಿದ್ದಾರೆ, ಮೊದಲ ಮಾತು ಯಾರ ಬಾಯಿಂದ ಬಂದಿದೆ. ಇಷ್ಟೇ ಪ್ರಶ್ನೆ.

ಬಾಗಲಕೋಟೆ, ವಿಜಯಪುರ, ಬೆಳಗಾವಿ, ನಮ್ಮ ಈ ಮೂರೂ ಜಿಲ್ಲೆಗೆ ಕಬ್ಬಿನ ಬೆಲೆಯ ಹೋರಾಟದಷ್ಟು ಒಳ್ಳೆ ಉದಾಹರಣೆ ಇನ್ನೊಂದಿಲ್ಲ. ಬೋರ್ಡಿನ ಮೇಲೆ ಎರಡು ತಲೆಬರಹ ಬರೆಯಿರಿ. ‘ಬಾಕಿ ಕೊಡದ ಕಾರ್ಖಾನೆ: ಬೀದಿಗಿಳಿದ ಬೆಳೆಗಾರರು’. ಅದರ ಕೆಳಗೆ ‘ಹೆದ್ದಾರಿ ತಡೆ: ಪ್ರಯಾಣಿಕರ ಪರದಾಟ’. ಘಟನೆ ಒಂದೇ, ಎರಡರಲ್ಲೂ ಸುಳ್ಳಿಲ್ಲ. ಹಾಗಾದರೆ ಯಾರ ಕಷ್ಟ ಸುದ್ದಿಯಾಯ್ತು, ಯಾರದು ಆಗಲಿಲ್ಲ? ನಿಮ್ಮ ಕ್ಲಾಸಲ್ಲಿ ಕಬ್ಬು ಬೆಳೆಯೋ ಮನೆಯ ಹುಡುಗರೂ ಇರುತ್ತಾರೆ, ಆವತ್ತು ಬಸ್ಸಲ್ಲಿ ಸಿಕ್ಕಿಬಿದ್ದ ಹುಡುಗಿಯರೂ ಇರುತ್ತಾರೆ. ಚರ್ಚೆ ತಾನಾಗೇ ಹತ್ತಿಕೊಳ್ಳುತ್ತದೆ. ಆಮೇಲೆ ‘ಲಘು ಲಾಠಿ ಪ್ರಹಾರ’ ಅಂತ ಬರೆದು ಕೇಳಿ: ಲಘು ಅಂತ ಅಳೆದವರು ಯಾರು? ಸ್ಥಳದಲ್ಲಿದ್ದ ವರದಿಗಾರನೋ, ಹೇಳಿಕೆ ಕೊಟ್ಟ ಅಧಿಕಾರಿಯೋ? ಇಷ್ಟೆಲ್ಲ ಆದ ಮೇಲೆ ‘ಫ್ರೇಮಿಂಗ್’ (ಒಂದೇ ಘಟನೆಯನ್ನ ಯಾವ ಚೌಕಟ್ಟಿನಲ್ಲಿಟ್ಟು ತೋರಿಸುತ್ತಾರೆ ಅನ್ನೋದು) ಅನ್ನೋ ಪದ ಕೊಡಿ. ಪದ ಮೊದಲು ಕೊಟ್ಟರೆ ಬಾಯಿಪಾಠಕ್ಕೆ ಇಳಿದುಬಿಡುತ್ತಾರೆ.

ಇತಿಹಾಸದ ಪಾಠವನ್ನೂ ಇಲ್ಲಿಂದಲೇ ಶುರು ಮಾಡಿ. 1843ರ ಜುಲೈ 1ಕ್ಕೆ ಮೊದಲ ಕನ್ನಡ ಪತ್ರಿಕೆ ಮಂಗಳೂರು ಸಮಾಚಾರ ಬಂತು ಅನ್ನೋದು ಎಲ್ಲ ಗೈಡಲ್ಲೂ ಇದೆ. ಆದರೆ ವಿಜಯಪುರದಲ್ಲಿ ಕೂತು ಫ.ಗು. ಹಳಕಟ್ಟಿಯವರು 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದ್ದು, ಮರುವರ್ಷ ‘ಶಿವಾನುಭವ’, 1927ರಲ್ಲಿ ‘ನವಕರ್ನಾಟಕ’ ಶುರು ಮಾಡಿದ್ದು ಎಷ್ಟು ಮಕ್ಕಳಿಗೆ ಗೊತ್ತು? ವಚನ ಸಂಗ್ರಹದ ಹಳಕಟ್ಟಿ ಗೊತ್ತು, ಸಂಪಾದಕ ಹಳಕಟ್ಟಿ ಗೊತ್ತಿಲ್ಲ. ಪತ್ರಿಕೆ ನಡೆಸೋಕೆ ದುಡ್ಡು ಎಲ್ಲಿಂದ ಬರುತ್ತದೆ ಅನ್ನೋ ಪಾಠಕ್ಕೆ ಅವರಿಗಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ.

ಇನ್ನೊಂದು, ಇದನ್ನ ದಯವಿಟ್ಟು ಬಿಡಬೇಡಿ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹ ಬಳಸಿ ಹಳ್ಳಿಗಳಿಗೆ ಟಿವಿ ತೋರಿಸಿದ ‘ಸೈಟ್’ ಪ್ರಯೋಗ ನಡೆಯಿತಲ್ಲ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ, ಅದರಲ್ಲಿ ಕರ್ನಾಟಕದಿಂದ ಇದ್ದದ್ದು ಕಲಬುರಗಿ, ರಾಯಚೂರು ಮತ್ತು ನಮ್ಮ ವಿಜಯಪುರ ಜಿಲ್ಲೆ. ಆಗ ಬಾಗಲಕೋಟೆಯೂ ಇದೇ ಜಿಲ್ಲೆಯೊಳಗಿತ್ತು, ಬೇರೆಯಾದದ್ದು 1997ರಲ್ಲಿ. ಜಾಳಿಗೆಯ ದೊಡ್ಡ ಆಂಟೆನಾ, ಊರಿಗೊಂದು ಟಿವಿ, ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಕಾರ್ಯಕ್ರಮ. ಮಕ್ಕಳಿಗೆ ಹೇಳಿ, ಮನೆಯಲ್ಲಿ ಅಜ್ಜ ಅಮ್ಮನ್ನ ಕೇಳಿಕೊಂಡು ಬನ್ನಿ: ಊರಲ್ಲಿ ಮೊದಲ ಟಿವಿ ಎಲ್ಲಿತ್ತು, ಮುಂದೆ ಕೂತವರು ಯಾರು, ಹಿಂದೆ ನಿಂತವರು ಯಾರು, ಹೆಣ್ಣುಮಕ್ಕಳು ನೋಡೋಕೆ ಹೋಗ್ತಿದ್ದರಾ? ಸೈಟ್ ಹಳ್ಳಿಯೇ ಆಗಬೇಕಿಲ್ಲ. ಆ ಉತ್ತರಗಳಲ್ಲೇ ಪ್ರೇಕ್ಷಕರ ಬಗೆಗಿನ ಅರ್ಧ ಪಾಠ ಮುಗಿಯುತ್ತದೆ.

ಕುಂದಾನಗರಿ:
ಸರ್ ಹೇಳಿದ ತಲೆಬರಹದ ಪಾಠ ನಾನೂ ಮಾಡುತ್ತೇನೆ. ಆದರೆ ಒಂದು ಮಾತು ಒಪ್ಪೋದಿಲ್ಲ ಸರ್. ಪಾರಿಭಾಷಿಕ ಪದವನ್ನು ಅಷ್ಟು ತಡ ಮಾಡಬಾರದು. ಪರೀಕ್ಷೆಯಲ್ಲಿ ಕೇಳೋದು ಆ ಪದವನ್ನೇ. ಅದೇ ಪೀರಿಯಡ್ಡಿನ ಕೊನೆಗೆ ಪದ, ವರ್ಷ, ಹೇಳಿದವರ ಹೆಸರು ಮೂರನ್ನೂ ನೋಟ್‌ಬುಕ್ಕಿಗೆ ಇಳಿಸಿಬಿಡಬೇಕು. ಇಲ್ಲಾಂದ್ರೆ ಕ್ಲಾಸಲ್ಲಿ ಚೆನ್ನಾಗಿ ಮಾತಾಡಿದ ಹುಡುಗನೇ ಪೇಪರಲ್ಲಿ ಏನು ಬರೀಬೇಕು ಅಂತ ತಿಳಿಯದೆ ಕೂರುತ್ತಾನೆ. ಇದು ನಮ್ಮಲ್ಲಿ ಜಾಸ್ತಿ.

ನಮ್ಮ ಬೆಳಗಾವಿಯಲ್ಲಿ ಒಂದು ಅನುಕೂಲ ಇದೆ. ಕ್ಲಾಸಲ್ಲಿ ಮನೆಯಲ್ಲಿ ಮರಾಠಿ ಮಾತಾಡೋ ಮಕ್ಕಳು ಇರುತ್ತಾರೆ. ಇಲ್ಲಿನ ಮರಾಠಿ ‘ತರುಣ ಭಾರತ’ 1919ರದು, ‘ಸಂಯುಕ್ತ ಕರ್ನಾಟಕ’ ಕೂಡ ಹುಬ್ಬಳ್ಳಿಗೆ ಹೋಗೋ ಮೊದಲು ಶುರುವಾದದ್ದು ಬೆಳಗಾವಿಯಲ್ಲೇ. ನವೆಂಬರ್ 1ರ ಮರುದಿನದ ಕನ್ನಡ ಪೇಪರ್, ಮರಾಠಿ ಪೇಪರ್ ಪಕ್ಕಪಕ್ಕ ಇಟ್ಟರೆ ಒಂದೇ ಊರಿನ ಎರಡು ಮೆರವಣಿಗೆ ಕಾಣುತ್ತವೆ, ಒಂದು ರಾಜ್ಯೋತ್ಸವದ್ದು, ಇನ್ನೊಂದು ಮರಾಠಿ ಸಂಘಟನೆಯವರ ಕರಾಳ ದಿನದ್ದು. ಮರಾಠಿ ಬರುವ ಮಗು ಓದಿ ಹೇಳುತ್ತದೆ, ಉಳಿದವರು ಕೇಳುತ್ತಾರೆ. ನನ್ನ ಕಡ್ಡಾಯ ನಿಯಮ ಒಂದೇ: ಮೊದಲ ಅರ್ಧ ಗಂಟೆ ಪುಟದಲ್ಲಿ ಏನಿದೆ ಅಷ್ಟನ್ನೇ ಹೇಳಬೇಕು, ಯಾರು ಸರಿ ಅನ್ನೋ ಮಾತು ಎತ್ತಬಾರದು. ಇದನ್ನ ಪಾಲಿಸದಿದ್ದರೆ ಪಾಠ ಜಗಳಕ್ಕೆ ತಿರುಗುತ್ತದೆ, ಮಕ್ಕಳ ಮನಸ್ಸೂ ನೋಯುತ್ತದೆ. ಬಾಗಲಕೋಟೆಯಲ್ಲಿ ಇದು ಬೇಕಿಲ್ಲ, ನೀವು ಬೇರೆ ವಿಷಯ ಹಿಡಿಯಿರಿ.

ಮಾಧ್ಯಮ ಚಿಂತಕ ಸ್ಟುವರ್ಟ್ ಹಾಲ್ ಹೇಳಿದ ಮೂರು ಬಗೆಯ ಓದು (ನೋಡುವವರು ಸಂದೇಶವನ್ನ ಒಪ್ಪೋದು, ಅರ್ಧ ಒಪ್ಪೋದು, ವಿರೋಧಿಸೋದು) ಮಕ್ಕಳಿಗೆ ಕಷ್ಟ ಆಗುತ್ತದೆ. ನಾನು ಅದಕ್ಕೆ ಮುಖದ ಕ್ರೀಮಿನ ಜಾಹೀರಾತು ಬಳಸುತ್ತೇನೆ. ‘ಫೇರ್ ಆಂಡ್ ಲವ್ಲಿ’ 2020ರಲ್ಲಿ ‘ಗ್ಲೋ ಆಂಡ್ ಲವ್ಲಿ’ ಆಯ್ತಲ್ವಾ, ಹಳೆಯದನ್ನೂ ಹೊಸದನ್ನೂ ಫೋನಲ್ಲೇ ತೋರಿಸಿ. ಹೆಸರು ಬದಲಾಯ್ತು, ಚಿತ್ರದಲ್ಲಿ ಏನು ಬದಲಾಯ್ತು? ಬೆಳ್ಳಗಾದರೆ ಒಳ್ಳೇದು ಅಂತ ಒಪ್ಪಿಕೊಂಡವರದು ಒಂದು ಓದು. ಬಣ್ಣದ ಮಾತು ಬೇಡ, ಕಲೆ ಹೋದರೆ ಸಾಕು ಅನ್ನೋರದು ನಡುವಿನ ಓದು. ನನ್ನ ಬಣ್ಣಕ್ಕೆ ನೀನ್ಯಾರು ಹೇಳೋಕೆ ಅಂದವರದು ವಿರೋಧದ ಓದು. ಹುಡುಗಿಯರು ಎಷ್ಟು ಖಡಕ್ಕಾಗಿ ಮಾತಾಡುತ್ತಾರೆ ಅಂದರೆ ಹುಡುಗರು ಸುಮ್ಮನೆ ಕೇಳಬೇಕಾಗುತ್ತದೆ, ಅದು ಒಳ್ಳೇದೇ.

ಇಳಕಲ್ ಮೇಡಂ:
ಇಬ್ಬರಿಗೂ ಮನಸಾರೆ ಧನ್ಯವಾದ. ಅಜ್ಜ ಅಮ್ಮನ್ನ ಕೇಳೋ ಕೆಲಸ ನಾಳೆಯೇ ಕೊಡುತ್ತೇನೆ. ಇನ್ನೆರಡು ಕೇಳಬೇಕಿತ್ತು. ಒಂದು, ವಾಟ್ಸಾಪ್‌ನಲ್ಲಿ ಬಂದದ್ದನ್ನೆಲ್ಲ ಮುಂದೆ ಕಳಿಸುತ್ತಾರೆ, ಅದನ್ನ ಪರೀಕ್ಷಿಸೋದು ಕೈಯಾರೆ ಮಾಡಿಸಿ ಕಲಿಸೋಕೆ ಏನಿದೆ? ಎರಡು, ರಿವಿಜನ್. ನನ್ನ ಕ್ಲಾಸಿನ ಬಹಳಷ್ಟು ಹುಡುಗಿಯರಿಗೆ ಮನೆಗೆ ಹೋದ ಮೇಲೆ ಅಡುಗೆ, ನೀರು, ದನ ಅಂತ ಕೆಲಸವೇ ಇರುತ್ತದೆ. ಕೂತು ಓದೋಕೆ ಹೊತ್ತು ಸಿಗೋದಿಲ್ಲ.

ತಾಲೂಕು ವರದಿಗಾರ:
ಮೇಡಂ, ನಾನು ಪಾಠ ಮಾಡುವವನಲ್ಲ, ಪೇಪರಿಗೆ ಬರೆಯುವವನು. ಆದರೂ ಮೊದಲನೇ ಪ್ರಶ್ನೆಗೆ ಹೇಳುತ್ತೇನೆ.

ಮಳೆಗಾಲದಲ್ಲಿ ‘ಆಲಮಟ್ಟಿ ಗೇಟ್ ಕಿತ್ತುಹೋಯ್ತು, ಊರು ಬಿಡಿ’ ಅಂತ ಒಂದು ವಿಡಿಯೊ ನಿಮ್ಮ ಗುಂಪಿಗೆ ಬಂತು ಅಂದುಕೊಳ್ಳಿ. ಮಕ್ಕಳಿಗೆ ಹೇಳಿ, ಮೊದಲು ಗೇಟ್ ಎಣಿಸಿ. ಆಲಮಟ್ಟಿಗೆ ಇರೋದು 26 ಗೇಟ್. ತುಂಗಭದ್ರಾ ಅಣೆಕಟ್ಟೆಗೆ 33. ಅಲ್ಲಿನ 19ನೇ ಗೇಟ್ ಕೊಚ್ಚಿಹೋದದ್ದು 2024ರ ಆಗಸ್ಟ್ 10ರಂದು ರಾತ್ರಿ, ಆ ದೃಶ್ಯಗಳು ಇನ್ನೂ ನೆಟ್ಟಲ್ಲಿ ಇವೆ. ಎಲ್ಲ ಗೇಟ್ ಕಾಣದಿದ್ದರೆ ಹಿಂದೆ ಗುಡ್ಡ ಇದೆಯಾ, ಸೇತುವೆ ಹೇಗಿದೆ, ಮಾತಾಡುವವರ ಕನ್ನಡ ಯಾವ ಕಡೆಯದು, ಕನ್ನಡವೇ ಹೌದಾ ಅಂತ ನೋಡಿಸಿ. ಆಮೇಲೆ ವಿಡಿಯೊ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸಿಗೆ ಹಾಕಿದರೆ ಅದೇ ಚಿತ್ರ ಹಿಂದೆ ಎಲ್ಲಿ ಬಂದಿತ್ತು ಅಂತ ಸುಮಾರು ಸಲ ಸಿಕ್ಕಿಬಿಡುತ್ತದೆ. ಕೊನೆಗೆ ತಹಶೀಲ್ದಾರ್ ಕಚೇರಿಗೋ ಅಣೆಕಟ್ಟೆ ಕಚೇರಿಗೋ ಫೋನ್ ಹಚ್ಚಿ ಕೇಳೋದು. ನಾವು ಸುದ್ದಿ ಕಳಿಸೋ ಮೊದಲು ಮಾಡೋದೂ ಇದನ್ನೇ. ನದಿದಂಡೆ ಹಳ್ಳಿಯ ಮಕ್ಕಳಿಗೆ ಇದು ಪಾಠ ಮಾತ್ರ ಅಲ್ಲ. ಇಂಥ ಒಂದು ಸುಳ್ಳಿಗೆ ನಡುರಾತ್ರಿ ಮುದುಕರನ್ನ, ದನಕರುಗಳನ್ನ ಹೊರಡಿಸಬೇಕಾಗುತ್ತದೆ.

ಬರವಣಿಗೆಗೆ ಇನ್ನೊಂದು. ಗ್ರಾಮ ಸಭೆಯೋ ಜಾತ್ರೆಯೋ ನೋಡಿ 200 ಪದ ಬರೆಸಿ. ಆಮೇಲೆ ಜಾಹೀರಾತು ಬಂತು, ಜಾಗ ಇಲ್ಲ, 80ಕ್ಕೆ ಇಳಿಸಿ ಅನ್ನಿ. ಕೆಳಗಿನಿಂದ ಕತ್ತರಿಸಿದರೂ ಸುದ್ದಿ ಉಳಿದರೆ ತಲೆಕೆಳಗಾದ ಪಿರಮಿಡ್, ಅಂದರೆ ಮುಖ್ಯ ವಿಷಯ ಮೊದಲು ಬರೆಯೋ ಕ್ರಮ, ಅರ್ಥ ಆಯ್ತು ಅಂತ. ಮುಖ್ಯ ವಿಷಯ ಕೊನೆಯ ಸಾಲಿನಲ್ಲಿತ್ತು ಅಂದರೆ ಅವರಿಗೇ ಗೊತ್ತಾಗುತ್ತದೆ. ಊರ ಹೆಸರು, ಮನೆತನದ ಹೆಸರು ತಪ್ಪಿದರೆ ಅಂಕ ಕಳೆಯಿರಿ, ಇದರಲ್ಲಿ ದಯೆ ಬೇಡ.

ಒಂದು ಎಚ್ಚರಿಕೆ. ಮಕ್ಕಳು ಈಗ ಸ್ವಂತ ಯೂಟ್ಯೂಬ್ ಚಾನೆಲ್ ಮಾಡುತ್ತಾರೆ. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಪ್ರಕರಣದಲ್ಲಿ ಮಗುವಿನ ಹೆಸರು, ಫೋಟೊ, ಶಾಲೆ, ಮನೆ, ಯಾವುದನ್ನೂ ಹಾಕುವಂತಿಲ್ಲ, ಆ ಕಾಯ್ದೆಯ 23ನೇ ಸೆಕ್ಷನ್ ನೋಡಿ. ಸಣ್ಣ ಊರಲ್ಲಿ ‘ಇಂಥ ಓಣಿಯ ಕಿರಾಣಿ ಅಂಗಡಿಯವರ ಮಗಳು’ ಅಂದರೂ ಹೆಸರು ಹೇಳಿದ ಹಾಗೇ. ಇದನ್ನ ಮೊದಲ ವಾರದಲ್ಲೇ ಹೇಳಿಬಿಡಿ.

ಕೊನೆ ವರ್ಷದ ಹುಡುಗಿ:
ಮೇಡಂ, ನಾನು ಜಮಖಂಡಿ ಕಡೆಯವಳು, ಇದೇ ವಿಷಯ ಓದಿಕೊಂಡು ಕೊನೆ ವರ್ಷಕ್ಕೆ ಬಂದಿದ್ದೇನೆ. ರಿವಿಜನ್ ಬಗ್ಗೆ ನಾನು ಹೇಳಬಹುದಾ?

ನಮಗೂ ಮನೆಯಲ್ಲಿ ಹೊತ್ತು ಸಿಗ್ತಿರಲಿಲ್ಲ. ಬಸ್ಸಲ್ಲಿ ಮಾತ್ರ ಸಿಗ್ತಿತ್ತು. ಅದಕ್ಕೆ ಗೆಳತಿಯರೆಲ್ಲ ಸೇರಿ ವಾಟ್ಸಾಪ್ ಗುಂಪು ಮಾಡಿ ಒಬ್ಬೊಬ್ಬರು ಒಂದೊಂದು ವಿಷಯವನ್ನ ಎರಡು ಮೂರು ನಿಮಿಷದ ವಾಯ್ಸ್ ನೋಟ್ ಮಾಡಿ ಹಾಕ್ತಿದ್ದೆವು. ಪುಸ್ತಕ ನೋಡಿ ಓದಬಾರದು, ನಮ್ಮ ಮಾತಲ್ಲೇ ಹೇಳಬೇಕು. ಹೇಳೋಕೆ ಹೋದಾಗಲೇ ಯಾವುದು ಅರ್ಥ ಆಗಿಲ್ಲ ಅಂತ ಗೊತ್ತಾಗೋದು. ರೊಟ್ಟಿ ಬಡಿಯುತ್ತಾ ಕೇಳಬಹುದು, ಬಸ್ಸಲ್ಲಿ ನಿಂತುಕೊಂಡೂ ಕೇಳಬಹುದು. ನೆಟ್ ಇರುವಾಗ ಒಮ್ಮೆ ಇಳಿಸಿಕೊಂಡರೆ ಸಾಕು.

ಸಿದ್ಧಾಂತಗಳಿಗೆ ಒಂದೊಂದಕ್ಕೆ ಒಂದು ಚೀಟಿ. ಉದಾಹರಣೆಗೆ ಗೇಟ್‌ಕೀಪಿಂಗ್: ಯಾವ ಸುದ್ದಿ ಒಳಗೆ ಬಿಡೋದು, ಯಾವುದು ಬೇಡ ಅಂತ ಆರಿಸೋದು. ಡೇವಿಡ್ ಮ್ಯಾನಿಂಗ್ ವೈಟ್, 1950. ಅಮೆರಿಕದ ಒಂದು ಪತ್ರಿಕೆಯ ಸುದ್ದಿ ಸಂಪಾದಕ ಒಂದು ವಾರ ತನಗೆ ಬಂದ ಏಜೆನ್ಸಿ ಸುದ್ದಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬಿಟ್ಟ, ಯಾಕೆ ಬಿಟ್ಟ ಅಂತ ಬರೆದಿಟ್ಟ. ನಮ್ಮ ಉದಾಹರಣೆ: ತಾಲೂಕಿನ ಸುದ್ದಿ ಜಿಲ್ಲೆ ಪುಟಕ್ಕೆ ಬರದೇ ಇರೋದು. ಟೀಕೆ: ಒಬ್ಬನದೇ ನಿರ್ಧಾರ ಅಲ್ಲ, ಮಾಲೀಕ, ಜಾಹೀರಾತು, ಈಗಂತೂ ಫೋನಿನ ಅಲ್ಗಾರಿದಂ ಕೂಡ. ಚೀಟಿಯ ಈ ಕೊನೆಯ ಎರಡು ಸಾಲು ನಮ್ಮದೇ ಆಗಿರಬೇಕು. ಅದನ್ನ ಬರೆದವರಿಗೆ ಅಂಕ ಚೆನ್ನಾಗಿ ಬಂತು, ಗೈಡಿನದ್ದಷ್ಟೇ ಬರೆದವರ ಉತ್ತರ ಎಲ್ಲಾ ಒಂದೇ ಥರ ಇರುತ್ತಿತ್ತು.

ಅಜೆಂಡಾ ಸೆಟ್ಟಿಂಗಿಗೂ (ಜನ ಯಾವುದರ ಬಗ್ಗೆ ಯೋಚಿಸಬೇಕು ಅಂತ ಮಾಧ್ಯಮ ತೀರ್ಮಾನಿಸೋದು) ಹೀಗೇ. ಮೆಕಾಂಬ್ಸ್, ಶಾ, 1972, ಅಧ್ಯಯನ ಮಾಡಿದ್ದು 1968ರ ಅಮೆರಿಕ ಚುನಾವಣೆ ವೇಳೆ. ವರ್ಷ ಎರಡಿವೆ, ಮಕ್ಕಳು ಅದಲು ಬದಲು ಬರೆಯುತ್ತಾರೆ, ಹೇಳಿಬಿಡಿ ಮೇಡಂ.

ಹಳೆ ಪ್ರಶ್ನೆಪತ್ರಿಕೆ ಲೈಬ್ರರಿಯಲ್ಲಿ ಕೇಳಿ ತೆಗೆಸಿ. ಕ್ಲಾಸಲ್ಲೇ ಗಡಿಯಾರ ಇಟ್ಟು ಒಂದು ಪ್ರಶ್ನೆ ಬರೆಸಿ, ಪಕ್ಕದವರಿಂದ ತಿದ್ದಿಸಿ. ಮನೆಗೆ ಕೊಟ್ಟರೆ ನಮ್ಮಂಥವರಿಗೆ ಆಗೋದಿಲ್ಲ.

ಗುಮ್ಮಟನಗರಿ ಸರ್:
ತಂಗಿ, ಬಹಳ ಚೆಂದ ಹೇಳಿದೆ. ವಾಯ್ಸ್ ನೋಟ್ ನಾನೂ ಶುರು ಮಾಡಿಸುತ್ತೇನೆ. ಕುಂದಾನಗರಿಯವರು ಹೇಳಿದ್ದೂ ಸರಿ, ಪದವನ್ನ ಅದೇ ದಿನ ಬರೆಸೋದು ಒಳ್ಳೇದು.

ಮೇಡಂ, ಹಳೆ ನೋಟ್ಸ್ ಅಂದಿರಲ್ಲ, ಕಾನೂನಿನ ಭಾಗ ಮಾತ್ರ ಹಾಗೇ ಕೊಡಬೇಡಿ. ನೋಂದಣಿಗೆ 1867ರ ಕಾಯ್ದೆ ಅಂತ ಇರುತ್ತದೆ, ಅದರ ಜಾಗಕ್ಕೆ 2023ರ ಪತ್ರಿಕೆ ಮತ್ತು ನಿಯತಕಾಲಿಕಗಳ ನೋಂದಣಿ ಕಾಯ್ದೆ ಬಂದು 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಮಾನನಷ್ಟಕ್ಕೆ ಐಪಿಸಿ 499 ಅಂತ ಇದ್ದರೆ ಈಗ ಅದು ಭಾರತೀಯ ನ್ಯಾಯ ಸಂಹಿತೆಯ 356, ಅದು 2024ರ ಜುಲೈ 1ರಿಂದ. ನೆಟ್ಟಲ್ಲಿ ಆಕ್ಷೇಪಾರ್ಹ ಸಂದೇಶ ಹಾಕಿದರೆ ಶಿಕ್ಷೆ ಅನ್ನುತ್ತಿದ್ದ ಐಟಿ ಕಾಯ್ದೆಯ 66ಎ ಇನ್ನೂ ಇದೆ ಅಂತ ಬರೆದ ಗೈಡ್ ನೋಡಿದ್ದೇನೆ, ಸುಪ್ರೀಂ ಕೋರ್ಟ್ ಅದನ್ನ 2015ರಲ್ಲೇ ರದ್ದು ಮಾಡಿದೆ. ಸಂವಿಧಾನದ 19(1)(ಎ), ಅಂದರೆ ವಾಕ್ ಸ್ವಾತಂತ್ರ್ಯ, ಹೇಳುವಾಗ ಅದಕ್ಕೆ ಮಿತಿ ಹಾಕೋ 19(2)ನ್ನೂ ಜೊತೆಗೇ ಹೇಳಿ, ಬರೀ ಹಕ್ಕು ಬರೆದು ಮಿತಿ ಬಿಟ್ಟರೆ ಅಂಕ ಹೋಗುತ್ತದೆ.

ಮಾಹಿತಿ ಹಕ್ಕು ಕಾಯ್ದೆಯನ್ನ ಅರ್ಜಿ ಬರೆಸಿಯೇ ಕಲಿಸಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ‘ನಮ್ಮೂರ ರಸ್ತೆ ಯಾಕೆ ಹೀಗಿದೆ’ ಅಂತ ಬರೆದರೆ ಅದು ಮಾಹಿತಿಯ ಪ್ರಶ್ನೆಯೇ ಅಲ್ಲ. ಕಾಮಗಾರಿ ಆದೇಶದ ಪ್ರತಿ, ಬಿಲ್ ಪಾವತಿಯ ದಾಖಲೆ, ಗುತ್ತಿಗೆದಾರರ ಹೆಸರು ಅಂತ ಕೇಳಬೇಕು. ಈ ವ್ಯತ್ಯಾಸ ತಿಳಿದ ಮಗು ವರದಿ ಬರೆಯುವಾಗಲೂ ನೇರ ಪ್ರಶ್ನೆ ಕೇಳುತ್ತದೆ.

ಇಳಕಲ್ ಮೇಡಂ:
ಎಲ್ಲವನ್ನೂ ಬರೆದಿಟ್ಟುಕೊಂಡೆ. ಸೋಮವಾರ ತಲೆಬರಹದಿಂದ ಶುರು. ಇಲ್ಲಿ ಸೀರೆ ನೇಕಾರರ ಮನೆಯ ಮಕ್ಕಳು ಜಾಸ್ತಿ ಇದ್ದಾರೆ, ಆದ್ದರಿಂದ ಕಬ್ಬಿನ ಜೊತೆ ಮಗ್ಗದ ಸುದ್ದಿಗಳನ್ನೂ ಹುಡುಕಿಸುತ್ತೇನೆ. ನೇಕಾರರ ಬಗ್ಗೆ ಬರುವ ಸುದ್ದಿಯಲ್ಲಿ ನೇಕಾರರೇ ಎಷ್ಟು ಸಲ ಮಾತಾಡುತ್ತಾರೆ ಅಂತ ಅವರೇ ಎಣಿಸಲಿ. ವರದಿಗಾರ ಸರ್, ನಿಮಗೆ ಬಿಡುವಿದ್ದರೆ ಒಂದು ದಿನ ಕ್ಲಾಸಿಗೆ ಬರ್ತೀರಾ?

ತಾಲೂಕು ವರದಿಗಾರ:
ಖಂಡಿತ ಬರ್ತೀನಿ ಮೇಡಂ. ಬೆಳಿಗ್ಗೆ ಹೊತ್ತು ಇಟ್ಟುಕೊಳ್ಳಿ, ಮಧ್ಯಾಹ್ನದ ಮೇಲೆ ಸುದ್ದಿ ಕಳಿಸೋ ಗಡಿಬಿಡಿ ಇರುತ್ತದೆ. ಮಕ್ಕಳು 200 ಪದದ ವರದಿ ಮೊದಲೇ ಬರೆದಿಟ್ಟಿರಲಿ, ಅವರ ಮುಂದೆಯೇ ಕತ್ತರಿಸಿ ತೋರಿಸುತ್ತೇನೆ.