ಗ್ರಾನೈಟ್ ಗುಹೆಯೊಳಗೆ ಸಬ್ಬಕ್ಕಿಯಂಥ ಬಿಳಿ ಕಾಳು, ಏನಿದು?

ಕಲ್ಲುಹುಡುಕಿ:
ಕಳೆದ ಭಾನುವಾರ ತಮ್ಮನ ಜೊತೆ ಕೋಲಾರದ ಅಂತರಗಂಗೆಗೆ ಹೋಗಿದ್ದೆ. ದೇವಸ್ಥಾನ ದಾಟಿ ಮೇಲೆ ಹತ್ತಿದರೆ ಬಂಡೆಗಳ ಮಧ್ಯೆ ಗುಹೆಗಳಿವೆಯಲ್ಲ, ಅಂಥದ್ದೊಂದರಲ್ಲಿ ತೆವಳಿಕೊಂಡು ಹೋದೆವು. ಟಾರ್ಚ್ ಬಿಟ್ಟಾಗ ತಲೆ ಮೇಲಿನ ಬಂಡೆಯಲ್ಲಿ ಒಂದು ಸೀಳು ಕಂಡಿತು. ಅದರ ಉದ್ದಕ್ಕೂ ಸಬ್ಬಕ್ಕಿಯಂಥ ಬಿಳಿ ಕಾಳು. ಕೆಲವು ಕಡ್ಡಿಯ ಹಾಗೆ ಚಾಚಿಕೊಂಡಿದ್ದವು. ಗುಹೆ ಅಂದರೆ ಸುಣ್ಣದ ಕಲ್ಲು ಕರಗಿ ಆಗುವುದು ಅಂತ ಓದಿದ್ದೆ. ಗ್ರಾನೈಟ್ ಕೂಡ ಕರಗುತ್ತದಾ? ಕೆಳಗೆ ಬಿದ್ದಿದ್ದ ಒಂದು ಕಾಳು ತಂದು ನಿಂಬೆರಸ ಹಿಂಡಿದೆ. ಒಂದು ಗುಳ್ಳೆಯೂ ಬರಲಿಲ್ಲ.

ಬೋರ್‌ಪಾಯಿಂಟ್:
ಗುಳ್ಳೆ ಬರಲಿಲ್ಲ ಅಂದರೆ ಸುಣ್ಣ ಅಲ್ಲಮ್ಮ. ನೀವು ಹೇಳಿದ ರೂಪ ನೋಡಿದರೆ ಓಪಲ್ ಇರಬೇಕು. ಬೆಣಚು ಕಲ್ಲಿನಲ್ಲಿರುವ ಸಿಲಿಕಾನೇ, ಹರಳುಗಟ್ಟದೆ ನೀರು ಹಿಡಿದುಕೊಂಡು ಕೂತದ್ದು.

ಮೊದಲು ಗುಹೆಯ ವಿಷಯ. ನಾನು 22 ವರ್ಷದಿಂದ ಈ ಕಡೆ ಬೋರ್‌ವೆಲ್‌ಗೆ ಜಾಗ ನೋಡುತ್ತಿದ್ದೇನೆ. ಕೊರೆಯುವಾಗ ಮೊದಲು ಬರುವುದು ಗರಸು, ಅಂದರೆ ಕೊಳೆತು ಸಡಿಲವಾದ ಬಂಡೆ. ಗಟ್ಟಿ ಬಂಡೆ ಸಿಗುವ ತನಕ ಕೇಸಿಂಗ್ ಇಳಿಸುವುದೇ ಅದು ಕುಸಿಯದಿರಲಿ ಅಂತ. ಒಂದು ಹಿಡಿ ಗರಸು ತಗೊಂಡು ಬೆರಳಲ್ಲಿ ಉಜ್ಜಿ ನೋಡಿ. ಬೆಣಚಿನ ಕಾಳು ಹಲ್ಲಿನ ಹಾಗೆ ಗಟ್ಟಿ. ಪಕ್ಕದ ಬಿಳಿ ಚೂರು ಹಿಟ್ಟಿನಂತೆ ಪುಡಿಯಾಗುತ್ತದೆ. ಆ ಬಿಳಿ ಚೂರು ಒಂದು ಕಾಲಕ್ಕೆ ಫೆಲ್ಡ್‌ಸ್ಪಾರ್, ಗ್ರಾನೈಟ್‌ನಲ್ಲಿ ಬೆಣಚಿನ ಜೊತೆಗಿರುವ ಖನಿಜ. ಮಳೆ ನೀರು ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸೀಳಿಗೆ ಇಳಿದು ಅದನ್ನು ಜೇಡಿ ಮಾಡಿಬಿಡುತ್ತದೆ. ಕಾಗೆಬಂಗಾರವೂ ಸಡಿಲವಾಗುತ್ತದೆ. ಬೆಣಚು ಕರಗದಿದ್ದರೂ ಹಿಡಿದುಕೊಳ್ಳಲು ಏನೂ ಇಲ್ಲದೆ ಉದುರುತ್ತದೆ. ಬಂಡೆಯ ಮೂಲೆಗೆ ಮೂರು ಕಡೆಯಿಂದ ನೀರು ತಾಗುವುದರಿಂದ ಅಲ್ಲಿ ಬೇಗ ಕೊಳೆಯುತ್ತದೆ. ಅದಕ್ಕೇ ಚೌಕ ಬಂಡೆ ಗುಂಡಾಗುವುದು. ಆಮೇಲೆ ಮಳೆ ಗರಸನ್ನು ತೊಳೆದು ಒಯ್ಯುತ್ತದೆ. ಗುಂಡುಗಳು ಒಂದರ ಮೇಲೊಂದು ಕೂರುತ್ತವೆ, ನಡುವಿನ ಪೊಳ್ಳು ಉಳಿಯುತ್ತದೆ. ನೀವು ತೆವಳಿದ್ದು ಆ ಪೊಳ್ಳಲ್ಲೇ.

ಇನ್ನು ಕಾಳು. ಬೆಣಚು ಒಂದು ಲೀಟರ್ ನೀರಿನಲ್ಲಿ ಸುಮಾರು 10 ಮಿಲಿಗ್ರಾಂ ಮಾತ್ರ ಕರಗುತ್ತದೆ. ಓಪಲ್ ಕೂರಬೇಕಾದರೆ ಆ ನೀರಿನಲ್ಲಿ 100ಕ್ಕೂ ಜಾಸ್ತಿ ಬೇಕು. ಹಾಗಾದರೆ ಎಲ್ಲಿಂದ ಬಂತು? ಫೆಲ್ಡ್‌ಸ್ಪಾರ್ ಜೇಡಿಯಾಗುವಾಗ ಬಿಡುವ ಸಿಲಿಕಾ ನೀರಿಗೆ ಸೇರುತ್ತದೆ. ಆ ನೀರು ಸೀಳಿನ ಬಾಯಲ್ಲಿ ತೆಳ್ಳಗೆ ಹರಡಿ ಆರುತ್ತದೆ, ಸಾರು ಬತ್ತಿದ ಹಾಗೆ ಗಟ್ಟಿಯಾಗುತ್ತದೆ, ಪದರದ ಮೇಲೆ ಪದರ ಕೂರುತ್ತದೆ. ಸ್ಪೇನಿನ ಗಲೀಸಿಯಾದ ಗ್ರಾನೈಟ್ ಗುಹೆಗಳಲ್ಲೂ ಇಂಥವೇ ಇವೆ. ದಯವಿಟ್ಟು ಯಾರೂ ಕೆರೆದು ತರಬೇಡಿ, ಒಂದು ಕಾಳು ಬೆಳೆಯಲು ಬಹಳ ಕಾಲ ಹಿಡಿಯುತ್ತದೆ.

ಬಾಗಲಕೋಟೆಯವ:
ಅಣ್ಣ, ನಮ್ಮ ಬಾದಾಮಿ ಗುಹೆ?

ಬೋರ್‌ಪಾಯಿಂಟ್:
ಅದು ಚಾಲುಕ್ಯರು ಉಳಿಯಲ್ಲಿ ಕಡೆದದ್ದು ತಮ್ಮ. ಆದರೆ ಮರಳುಗಲ್ಲಿನಲ್ಲಿ ನೀರೇ ತೋಡಿದ ಗುಹೆ ಬೇಕಾದರೆ ವೆನೆಜುವೆಲಾದ ಔಯಾನ್ ತೆಪುಯಿ ಇದೆ, 979 ಮೀಟರ್ ಎತ್ತರದ ಏಂಜೆಲ್ ಜಲಪಾತ ಬೀಳುವ ಬೆಟ್ಟ. 150 ಕೋಟಿ ವರ್ಷಕ್ಕೂ ಹಳೆಯ ಕಲ್ಲು, ಹೆಚ್ಚುಕಡಿಮೆ ಬರೀ ಬೆಣಚು. ಅದರೊಳಗಿನ ಇಮಾವಾರಿ ಯೆಯುತಾ ಗುಹೆ 15 ಕಿಲೋಮೀಟರ್‌ಗೂ ಉದ್ದ. ನೀರು ಕಾಳುಗಳ ಅಂಚನ್ನಷ್ಟೇ ಕರಗಿಸುತ್ತದೆ. ಅಂಟು ಬಿಟ್ಟ ಮರಳನ್ನು ಹರಿಯುವ ನೀರು ಎಳೆದೊಯ್ಯುತ್ತದೆ. ನಮ್ಮ ಗರಸಿನ ಕಥೆಯೇ, ಆದರೆ ಫೆಲ್ಡ್‌ಸ್ಪಾರ್‌ನ ಸಹಾಯವಿಲ್ಲದ್ದರಿಂದ ತುಂಬಾ ತುಂಬಾ ನಿಧಾನ.

ಕಲ್ಲುಹುಡುಕಿ:
ಸರ್, ಈಗ ನೆನಪಾಯಿತು. ಆ ಸೀಳಿನಿಂದ ಗಾಳಿ ಬರುತ್ತಿತ್ತು, ಟಾರ್ಚ್ ಹಿಡಿದ ಕೈಗೆ ತಣ್ಣಗೆ ತಾಗಿತು. ಅಲ್ಲೇ ಒಂದು ಮೊಳ ಆಚೆ ಬಂಡೆ ಒದ್ದೆ ಇತ್ತು, ಗಾಳಿ ಇರಲಿಲ್ಲ. ಅಲ್ಲಿ ಒಂದು ಕಾಳೂ ಇರಲಿಲ್ಲ.