ಪರಿಸರ ವಿಜ್ಞಾನದ ಕೆಲಸಕ್ಕೆ ಜೆ-1 ವೀಸಾ: ಪ್ರಾಯೋಜಕರನ್ನು ಎಲ್ಲಿ ಹುಡುಕಬೇಕು?

ತುಂಗಾತೀರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಕುವೆಂಪು ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನದ ಎಂ.ಎಸ್ಸಿ. ಮುಗಿಸಿ, ಎರಡು ವರ್ಷಕ್ಕೂ ಹೆಚ್ಚು ಕಾಲದಿಂದ ಪೀಣ್ಯದ ಖಾಸಗಿ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಕಾರ್ಖಾನೆಗಳ ತ್ಯಾಜ್ಯನೀರು, ಅಪಾರ್ಟ್‌ಮೆಂಟುಗಳ ಎಸ್‌ಟಿಪಿ (ಕೊಳಚೆನೀರು ಶುದ್ಧೀಕರಣ ಘಟಕ) ನೀರು ಮತ್ತು ಕೊಳವೆಬಾವಿಗಳ ಮಾದರಿ ತಂದು, ನೀರಿನ ಕೊಳೆಯನ್ನು ಅಳೆಯುವ ಬಿಒಡಿ, ಸಿಒಡಿ ಮತ್ತು ಭಾರಲೋಹಗಳ ಪರೀಕ್ಷೆ ನಡೆಸಿ ವರದಿ ಬರೆಯುವುದು ನನ್ನ ಕೆಲಸ. ಅಮೆರಿಕದ ಆರೆಗನ್ ರಾಜ್ಯದಲ್ಲಿ ಕಲುಷಿತ ನೆಲ ಮತ್ತು ಅಂತರ್ಜಲದ ತನಿಖೆ ಮಾಡುವ ಚಿಕ್ಕ ಸಲಹಾ ಸಂಸ್ಥೆಯೊಂದು ನನ್ನನ್ನು ಒಂದು ವರ್ಷದ ಮಟ್ಟಿಗೆ ಸೇರಿಸಿಕೊಳ್ಳಲು ಒಪ್ಪಿದೆ. ಆದರೆ ವೀಸಾದ ಪ್ರಾಯೋಜಕತ್ವ ತಮ್ಮಿಂದ ಆಗದು, ಅದನ್ನು ನಾನೇ ಹುಡುಕಿಕೊಳ್ಳಬೇಕು ಎನ್ನುತ್ತಿದೆ. ಕೆಲಸ ಕೊಡುವವರೇ ಪ್ರಾಯೋಜಕರಾಗದಿದ್ದರೆ ಬೇರೆ ಯಾರಾಗುತ್ತಾರೆ ಎಂಬುದೇ ನನಗೆ ತಿಳಿಯುತ್ತಿಲ್ಲ. ಇಲ್ಲಿನ ಏಜೆಂಟರೊಬ್ಬರು ದೊಡ್ಡ ಮೊತ್ತ ಕೇಳಿ, ಜೆ-1 (ತರಬೇತಿ, ವಿನಿಮಯಕ್ಕೆ ಕೊಡುವ ವೀಸಾ) ಮಾಡಿಸಿಕೊಡುತ್ತೇವೆ, ಹೋದ ಮೇಲೆ ಎಚ್-1ಬಿ ಎಂಬ ಉದ್ಯೋಗ ವೀಸಾಕ್ಕೆ ಬದಲಾಯಿಸಿಕೊಳ್ಳಬಹುದು ಎಂದು ಹೇಳಿದ್ದಾರೆ. ಬಲ್ಲವರು ದಯವಿಟ್ಟು ದಾರಿ ತೋರಿಸಬೇಕು.

ಅಂತರ್ಜಲ:

ಆ ಸಂಸ್ಥೆ ನಿಮಗೆ ಹೇಳಿದ್ದು ನಿರಾಕರಣೆಯಲ್ಲ, ಇರುವ ವ್ಯವಸ್ಥೆಯೇ ಹಾಗೆ. ಎಚ್-1ಬಿಯಲ್ಲಿ ಕೆಲಸ ಕೊಡುವವರೇ ಅರ್ಜಿದಾರರು. ಜೆ-1ರಲ್ಲಿ ಪ್ರಾಯೋಜಕರೆಂದರೆ ಅಮೆರಿಕದ ವಿದೇಶಾಂಗ ಇಲಾಖೆಯಿಂದ ಮಾನ್ಯತೆ ಪಡೆದ ವಿನಿಮಯ ಸಂಸ್ಥೆ. ನಿಮ್ಮನ್ನು ಕೂರಿಸಿಕೊಂಡು ಕೆಲಸ ಕಲಿಸುವ ಕಂಪನಿ ಬರೀ ಆತಿಥೇಯ ಸಂಸ್ಥೆ. ವೀಸಾಕ್ಕೆ ಬೇಕಾದ ಡಿಎಸ್-2019 ಪತ್ರವನ್ನು ಕೊಡುವ ಅಧಿಕಾರ ಪ್ರಾಯೋಜಕರಿಗೆ ಮಾತ್ರ ಇದೆ. ಆದ್ದರಿಂದ ಉದ್ಯೋಗದ ಜಾಲತಾಣಗಳಲ್ಲಿ ವೀಸಾ ಪ್ರಾಯೋಜಕತ್ವವಿರುವ ಕೆಲಸವೆಂದು ಹುಡುಕುತ್ತ ಕೂತರೆ ಏನೂ ಸಿಗುವುದಿಲ್ಲ. ಬಹುಪಾಲು ಜನರಿಗೆ ಸಿಗದಿರುವುದು ಆತಿಥೇಯ ಸಂಸ್ಥೆ, ನಿಮಗೆ ಅದೇ ಸಿಕ್ಕಿದೆ. ಉಳಿದದ್ದು ಕಾಗದಪತ್ರದ ಕೆಲಸ, ಸ್ವಲ್ಪ ತಾಳ್ಮೆ ಬೇಡುವಂಥದ್ದು.

ವಿದೇಶಾಂಗ ಇಲಾಖೆಯು ಜೆ-1 ಕಾರ್ಯಕ್ರಮದ ತನ್ನ ಜಾಲತಾಣದಲ್ಲಿ ಮಾನ್ಯತೆ ಪಡೆದ ಪ್ರಾಯೋಜಕರ ಪಟ್ಟಿಯನ್ನು ವರ್ಗವಾರು ಪ್ರಕಟಿಸಿದೆ. ಅಲ್ಲಿ ನೀವು ನೋಡಬೇಕಾದ್ದು ಟ್ರೈನಿ ವರ್ಗ, ಇಂಟರ್ನ್ ವರ್ಗವಲ್ಲ. ಇಂಟರ್ನ್ ಆಗಬೇಕಾದರೆ ಇನ್ನೂ ಓದುತ್ತಿರಬೇಕು ಅಥವಾ ಪದವಿ ಮುಗಿದು 12 ತಿಂಗಳ ಒಳಗೆ ಕಾರ್ಯಕ್ರಮ ಶುರುವಾಗಬೇಕು. ಟ್ರೈನಿಗೆ ಅಮೆರಿಕದ ಹೊರಗಿನ ಪದವಿಯ ಜೊತೆ ಅದೇ ಕ್ಷೇತ್ರದಲ್ಲಿ, ಅಮೆರಿಕದ ಹೊರಗೆ, ಕನಿಷ್ಠ ಒಂದು ವರ್ಷ ಕೆಲಸ ಮಾಡಿದ ಅನುಭವ ಸಾಕು. ಅವಧಿ ಗರಿಷ್ಠ 18 ತಿಂಗಳು. ಇನ್ನೊಂದು ವಿಷಯ ಅನೇಕರ ಗಮನಕ್ಕೆ ಬರುವುದಿಲ್ಲ: ಪ್ರತಿ ಪ್ರಾಯೋಜಕರಿಗೂ ಎಲ್ಲ ವೃತ್ತಿಕ್ಷೇತ್ರಗಳ ಮಾನ್ಯತೆ ಇರುವುದಿಲ್ಲ. ಹೋಟೆಲು ಮತ್ತು ಪ್ರವಾಸೋದ್ಯಮಕ್ಕೆ ಮಾತ್ರ ಮಾನ್ಯತೆ ಇರುವವರಿಗೆ ಬರೆದು ಪ್ರಯೋಜನವಿಲ್ಲ. ವಿಜ್ಞಾನ, ಎಂಜಿನಿಯರಿಂಗ್, ವಾಸ್ತುಶಿಲ್ಪ, ಗಣಿತ ಮತ್ತು ಕೈಗಾರಿಕೆಗಳನ್ನು ಒಟ್ಟಿಗೆ ಸೇರಿಸಿರುವ ಕ್ಷೇತ್ರದಲ್ಲಿ ಮಾನ್ಯತೆ ಇದೆಯೇ ಎಂದು ಮೊದಲು ಕೇಳಿ. ಕಲ್ಚರಲ್ ವಿಸ್ಟಾಸ್ ಈ ಬಗೆಯ ಹಳೆಯ ಸಂಸ್ಥೆಗಳಲ್ಲೊಂದು. ಎರಡು ಮೂರು ಕಡೆ ವಿಚಾರಿಸಿ ಶುಲ್ಕ ಹೋಲಿಸಿ ನೋಡಿ, ಏಕೆಂದರೆ ಶುಲ್ಕ ಒಬ್ಬೊಬ್ಬರದು ಒಂದೊಂದು ಬಗೆ.

ನಿಮ್ಮ ಲ್ಯಾಬಿನಿಂದ ಅನುಭವ ಪತ್ರ ಪಡೆಯುವಾಗ ಹುದ್ದೆ ಮತ್ತು ದಿನಾಂಕಗಳನ್ನಷ್ಟೇ ಬರೆಸಿಕೊಳ್ಳಬೇಡಿ. ಯಾವ ಮಾದರಿ, ಯಾವ ಪರೀಕ್ಷೆ, ಯಾವ ಉಪಕರಣ ಎಂಬುದು ಅದರಲ್ಲಿ ಇರಲಿ.

ಮೂರನೇ ಬಾವಿ:

ಮೇಲಿನವರು ಕಾಗದಪತ್ರದ ಕೆಲಸ ಎಂದು ಒಂದೇ ಮಾತಿನಲ್ಲಿ ಮುಗಿಸಿರುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಪರಿಸರ ವಿಜ್ಞಾನದ ಅರ್ಜಿಗಳು ಎಡವುವುದು ಅಲ್ಲಿಯೇ. ಡಿಎಸ್-7002 ಎಂಬ ತರಬೇತಿ ಯೋಜನೆಯನ್ನು ಆತಿಥೇಯ ಸಂಸ್ಥೆ ನಿಮ್ಮೊಡನೆ ಕೂತು ಬರೆದು, ಪ್ರಾಯೋಜಕರು ಒಪ್ಪಬೇಕು. ನಿಯಮಗಳ ಪ್ರಕಾರ ತರಬೇತಿ ವಾರಕ್ಕೆ ಕನಿಷ್ಠ 32 ಗಂಟೆ ನಡೆಯಬೇಕು, ಗುಮಾಸ್ತಿಕೆಯ ಕೆಲಸ 20 ಪ್ರತಿಶತ ಮೀರಬಾರದು, ಕೌಶಲವಿಲ್ಲದ ದುಡಿಮೆ ಇರಕೂಡದು, ಅಲ್ಲಿನ ನೌಕರರ ಜಾಗವನ್ನು ಟ್ರೈನಿಯಿಂದ ತುಂಬಿಸಕೂಡದು. ಈಗ ಯೋಚಿಸಿ: ನಮ್ಮ ಕ್ಷೇತ್ರಕಾರ್ಯವೆಂದರೆ ಬಾಟಲಿ ತೊಳೆಯುವುದು, ಪಂಪು ಹೊರುವುದು, ಬಾವಿಯ ಮುಚ್ಚಳ ತೆಗೆಯುವುದು. ಮಾದರಿ ಸಂಗ್ರಹಿಸುವುದು ಎಂದಷ್ಟೇ ಹನ್ನೆರಡು ತಿಂಗಳಿಗೂ ಬರೆದುಕೊಟ್ಟರೆ, ಓದುವವರ ಕಣ್ಣಿಗೆ ಅದು ಅಗ್ಗದ ಕೂಲಿಯಂತೆ ಕಾಣುವುದು ಸಹಜ.

ಹಾಗಾಗಿ ಯೋಜನೆಯನ್ನು ಹಂತಗಳಾಗಿ ಕಟ್ಟಿ, ಇಲ್ಲಿ ಕಲಿಯಲು ಸಿಗದಿರುವುದನ್ನೇ ಹೆಸರಿಸಿ ಬರೆಯಬೇಕು. ಅಮೆರಿಕದಲ್ಲಿ ಕಲುಷಿತ ನೆಲಕ್ಕೆ ಕಾಲಿಡುವ ಮುನ್ನ ಸಾಮಾನ್ಯವಾಗಿ ಅಪಾಯಕಾರಿ ತ್ಯಾಜ್ಯದ ನಡುವೆ ಕೆಲಸ ಮಾಡುವವರಿಗಾಗಿ ಇರುವ 40 ಗಂಟೆಗಳ ಹ್ಯಾಜ್‌ವೊಪರ್ ಸುರಕ್ಷತಾ ತರಬೇತಿ ಆಗಿರಬೇಕು. ಮೊದಲ ಹಂತದಲ್ಲಿ ಅದನ್ನು ಇಡಬಹುದು. ಆಮೇಲೆ ನಿಗಾ ಬಾವಿಗಳಿಂದ ಕಡಿಮೆ ಹರಿವಿನಲ್ಲಿ ನೀರೆತ್ತುವ ವಿಧಾನ, ಮಾದರಿಯು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ದಾಖಲೆ ಇಡುವ ಕ್ರಮ, ಜಾಗದ ಹಿಂದಿನ ಬಳಕೆಯನ್ನು ಕಡತಗಳಿಂದ ಪತ್ತೆಹಚ್ಚುವ ‘ಫೇಸ್ 1’ ತನಿಖೆ, ಕೊನೆಗೆ ದತ್ತಾಂಶದ ವಿಶ್ಲೇಷಣೆ ಮತ್ತು ವರದಿ. ಆ ಸಂಸ್ಥೆ ಪಿಎಫ್‌ಎಎಸ್ ರಾಸಾಯನಿಕಗಳ (ಸುಲಭವಾಗಿ ಕರಗಿಹೋಗದೆ ಪರಿಸರದಲ್ಲಿ ಉಳಿಯುವ ಫ್ಲೋರಿನ್ ಸಂಯುಕ್ತಗಳ) ಕೆಲಸ ಮಾಡುತ್ತಿದ್ದರೆ ಅದನ್ನು ಖಂಡಿತ ಸೇರಿಸಿ. ಕುಡಿಯುವ ನೀರಿನಲ್ಲಿ ಅದೇ ಗುಂಪಿನ ಪಿಎಫ್‌ಒಎ ಮತ್ತು ಪಿಎಫ್‌ಒಎಸ್‌ಗೆ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯು 2024ರ ಏಪ್ರಿಲ್‌ನಲ್ಲಿ ಲೀಟರಿಗೆ 4 ನ್ಯಾನೊಗ್ರಾಂ ಮಿತಿ ಘೋಷಿಸಿತು. ಮಾದರಿ ತೆಗೆಯುವವರ ಬಟ್ಟೆಯಿಂದಲೂ ಕಲಬೆರಕೆಯಾಗಬಹುದಾದಷ್ಟು ಸೂಕ್ಷ್ಮ ಪ್ರಮಾಣ ಅದು. ಕೈಯಲ್ಲಿ ಮಾಡಿಯೇ ಕಲಿಯಬೇಕಾದ ವಿದ್ಯೆ ಎಂದು ವಾದಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಪ್ರತಿ ಹಂತಕ್ಕೂ ಯಾರು ಕಲಿಸುತ್ತಾರೆ, ಕಲಿತಿದ್ದನ್ನು ಹೇಗೆ ಅಳೆಯುತ್ತಾರೆ ಎಂಬುದನ್ನೂ ಬರೆಯಬೇಕು.

ತುಂಗಾತೀರ:

ಇಬ್ಬರಿಗೂ ಧನ್ಯವಾದಗಳು. ಆ ಸಂಸ್ಥೆಯಲ್ಲಿ ಹನ್ನೆರಡು ಜನರಷ್ಟೇ ಇದ್ದಾರೆ, ಈ ಮೊದಲು ಯಾವ ವಿದೇಶಿ ಟ್ರೈನಿಯನ್ನೂ ತೆಗೆದುಕೊಂಡಿಲ್ಲ. ಇದರಿಂದ ತೊಂದರೆಯಾಗುತ್ತದೆಯೇ? ಹಾಗೆಯೇ, ಈ ದಾರಿ ಮುಚ್ಚಿದರೆ ಸಂಶೋಧನೆಯ ಕಡೆಯಿಂದ ಪ್ರಯತ್ನಿಸಬಹುದೇ?

ಅಂತರ್ಜಲ:

ತೊಂದರೆಯಿಲ್ಲ, ತಡವಾಗಬಹುದು. ಸಿಬ್ಬಂದಿ 25ಕ್ಕಿಂತ ಕಡಿಮೆ ಅಥವಾ ವಾರ್ಷಿಕ ಆದಾಯ 30 ಲಕ್ಷ ಡಾಲರಿಗಿಂತ ಕಡಿಮೆ ಇದ್ದು, ಆ ಪ್ರಾಯೋಜಕರ ಕಾರ್ಯಕ್ರಮದಲ್ಲಿ ಹಿಂದೆ ಭಾಗವಹಿಸಿರದ ಸಂಸ್ಥೆಯಾದರೆ ಪ್ರಾಯೋಜಕರು ಸ್ಥಳಕ್ಕೆ ಹೋಗಿ ಪರಿಶೀಲಿಸಬೇಕೆಂಬ ನಿಯಮವಿದೆ. ಅದರ ಖರ್ಚು ಯಾರದೆಂದು ಮೊದಲೇ ಮಾತಾಡಿಕೊಳ್ಳಿ.

ಕಡಲತಡಿ:

ಸಂಶೋಧನೆಯ ದಾರಿಯಲ್ಲಿ ಪ್ರಾಯೋಜಕರನ್ನು ಪ್ರತ್ಯೇಕವಾಗಿ ಹುಡುಕುವ ಗೋಜೇ ಸಾಮಾನ್ಯವಾಗಿ ಇರುವುದಿಲ್ಲ, ಏಕೆಂದರೆ ವಿಶ್ವವಿದ್ಯಾಲಯಗಳೂ ದೊಡ್ಡ ಸಂಶೋಧನಾ ಸಂಸ್ಥೆಗಳೂ ಬಹುಪಾಲು ತಾವೇ ಮಾನ್ಯತೆ ಪಡೆದ ಪ್ರಾಯೋಜಕರು. ರಿಸರ್ಚ್ ಸ್ಕಾಲರ್ ವರ್ಗದಲ್ಲಿ ಐದು ವರ್ಷದವರೆಗೆ, ಶಾರ್ಟ್ ಟರ್ಮ್ ಸ್ಕಾಲರ್ ವರ್ಗದಲ್ಲಿ ಆರು ತಿಂಗಳವರೆಗೆ ಇರಬಹುದು. ಪ್ರಾಧ್ಯಾಪಕರಿಗೆ ನೇರವಾಗಿ ಬರೆಯಬೇಕು, ವೇತನಕ್ಕೆ ಅವರ ಯೋಜನೆಯಲ್ಲಿ ಹಣವಿರಬೇಕು, ಕಷ್ಟವಿರುವುದು ಅಲ್ಲಿಯೇ. ಭಾರತದಲ್ಲಿ ಪಿಎಚ್.ಡಿ.ಗೆ ನೋಂದಾಯಿಸಿಕೊಂಡವರು ಭಾರತ ಮತ್ತು ಅಮೆರಿಕ ಸರ್ಕಾರಗಳ ಹಣದಿಂದ ನಡೆಯುವ ಫುಲ್‌ಬ್ರೈಟ್-ನೆಹರೂ ಡಾಕ್ಟರಲ್ ಫೆಲೋಶಿಪ್‌ಗೂ ಅರ್ಜಿ ಹಾಕಬಹುದು. ಇನ್ನೂ ಓದುತ್ತಿರುವ ಕಿರಿಯರು ಯಾರಾದರೂ ಇದನ್ನು ಓದುತ್ತಿದ್ದರೆ, 1948ರಿಂದ ವಿದ್ಯಾರ್ಥಿಗಳ ತಾಂತ್ರಿಕ ತರಬೇತಿ ವಿನಿಮಯ ನಡೆಸುತ್ತಿರುವ ಐಎಇಎಸ್‌ಟಿಇ ಮಣಿಪಾಲದಲ್ಲಿಯೂ ಇದೆ ಎಂಬುದನ್ನು ಗಮನಿಸಿ.

ಒಂದು ಎಚ್ಚರಿಕೆ. ಟ್ರೈನಿಯಾಗಿ ಆರು ತಿಂಗಳಿಗಿಂತ ಹೆಚ್ಚು ಇದ್ದು ಬಂದ ಮೇಲೆ ಹನ್ನೆರಡು ತಿಂಗಳು ಕಳೆಯದೆ ರಿಸರ್ಚ್ ಸ್ಕಾಲರ್ ಆಗಿ ಹೋಗಲು ಸಾಮಾನ್ಯವಾಗಿ ಅವಕಾಶವಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂದು ಈಗಲೇ ಯೋಚಿಸಿಡುವುದು ಒಳ್ಳೆಯದು.

ಹಳೇ ಕಡತ:

ಏಜೆಂಟರ ಮಾತಿಗೆ ಯಾರೂ ಉತ್ತರ ಕೊಟ್ಟಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಸರ್ಕಾರಕ್ಕೆ ಸಲ್ಲಬೇಕಾದ ಶುಲ್ಕಗಳಲ್ಲಿ ಸೆವಿಸ್ (ವಿದೇಶಿ ವಿದ್ಯಾರ್ಥಿಗಳು ಮತ್ತು ವಿನಿಮಯಕ್ಕೆ ಬಂದವರ ಸರ್ಕಾರಿ ದಾಖಲೆ ವ್ಯವಸ್ಥೆ) ಶುಲ್ಕ 220 ಡಾಲರ್, ವೀಸಾ ಅರ್ಜಿ ಶುಲ್ಕ 185 ಡಾಲರ್; ಇವು ಬದಲಾಗುತ್ತಿರುವುದರಿಂದ ಕಟ್ಟುವ ದಿನ ನೋಡಿಕೊಳ್ಳಬೇಕು. ಇವುಗಳ ಮೇಲೆ ಪ್ರಾಯೋಜಕರ ಶುಲ್ಕ ಮತ್ತು ಆರೋಗ್ಯ ವಿಮೆ. ಆತಿಥೇಯ ಸಂಸ್ಥೆಯನ್ನು ನೀವೇ ಹುಡುಕಿಕೊಂಡಿರುವಾಗ ಏಜೆಂಟರು ಮಾಡಿಕೊಡುವ ಕೆಲಸವಾದರೂ ಏನು ಎಂದು ಅವರನ್ನೇ ಕೇಳಿ ನೋಡಿ.

ಇನ್ನು ಎಚ್-1ಬಿ ಮಾತು. ಜೆ-1 ಮುಗಿಸಿದ ಕೆಲವರು ಎರಡು ವರ್ಷ ಸ್ವದೇಶದಲ್ಲಿ ಇರದ ಹೊರತು ಎಚ್-1ಬಿಯನ್ನಾಗಲಿ ಗ್ರೀನ್ ಕಾರ್ಡನ್ನಾಗಲಿ ಪಡೆಯುವಂತಿಲ್ಲ. 2024ರ ಡಿಸೆಂಬರ್ 9ರಂದು ಜಾರಿಗೆ ಬಂದ ಹೊಸ ಕೌಶಲ ಪಟ್ಟಿಯಿಂದ (ಯಾವ ದೇಶದ ಯಾವ ಕ್ಷೇತ್ರದವರಿಗೆ ಈ ಷರತ್ತು ಎಂದು ಹೇಳುವ ಪಟ್ಟಿ) ಭಾರತವನ್ನು ಕೈಬಿಟ್ಟಿರುವುದರಿಂದ ನಿಮ್ಮಂಥವರಿಗೆ ಆ ಪಟ್ಟಿಯ ಕಾರಣಕ್ಕೆ ಈ ಷರತ್ತು ಅನ್ವಯಿಸದು. ಫುಲ್‌ಬ್ರೈಟ್‌ನಂತಹ ಸರ್ಕಾರಿ ಹಣ ಪಡೆದವರಿಗೆ ಅದು ಈಗಲೂ ಉಂಟು. ಏಜೆಂಟರು ಬಂಡವಾಳ ಮಾಡಿಕೊಂಡಿರುವುದು ಬಹುಶಃ ಈ ಸಡಿಲಿಕೆಯನ್ನೇ. ಆದರೆ ಷರತ್ತು ಇಲ್ಲವೆಂದ ಮಾತ್ರಕ್ಕೆ ಎಚ್-1ಬಿ ಸಿಗುತ್ತದೆಂದು ಅರ್ಥವಲ್ಲ: ಅದಕ್ಕೆ ಲಾಟರಿ ಇದೆ, ಅರ್ಜಿ ಹಾಕಲು ಸಿದ್ಧವಿರುವ ಕಂಪನಿ ಬೇಕು, ಮತ್ತು ಹನ್ನೆರಡು ಜನರ ಸಂಸ್ಥೆ ಅದಕ್ಕೆ ಮುಂದಾಗುತ್ತದೆಂದು ನಂಬಿ ಸಾಲ ಮಾಡುವುದು ವಿವೇಕವಲ್ಲ. ಅದಕ್ಕಿಂತ ಮುಖ್ಯವಾಗಿ, ಜೆ-1 ಸಂದರ್ಶನದಲ್ಲಿ ತರಬೇತಿ ಮುಗಿಸಿ ಹಿಂತಿರುಗುವ ಉದ್ದೇಶವನ್ನು ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. 2025ರ ಜೂನ್‌ನಿಂದ ಜೆ ವೀಸಾ ಅರ್ಜಿದಾರರು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಸಾರ್ವಜನಿಕವಾಗಿ ಇಡಬೇಕೆಂಬ ಸೂಚನೆಯೂ ಇದೆ. ಹಿಂತಿರುಗಿ ಬಂದು ಇಲ್ಲಿ ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ಪೀಣ್ಯದ ಕೆಲಸವನ್ನೇ ಆಧಾರವಾಗಿಟ್ಟುಕೊಂಡು ಉತ್ತರ ಸಿದ್ಧಮಾಡಿಕೊಳ್ಳಿ. ಸಾಧ್ಯವಾದರೆ ಈಗಿನ ಮಾಲೀಕರಿಂದ, ಹಿಂತಿರುಗಿದ ಮೇಲೆ ಮತ್ತೆ ತೆಗೆದುಕೊಳ್ಳುವೆವೆಂಬ ಪತ್ರವನ್ನೂ ಪಡೆದುಕೊಳ್ಳಿ.